ಮೂವತ್ತೆಂಟನೆಯ ರೇಖೆಯೂ ದಿಲ್ಲಿಯ ಓಲೆಗಳೂ

1950ರ ಜೂನ್ 25, ಭಾನುವಾರ. ನ್ಯೂಯಾರ್ಕಿನ ಹೊರವಲಯದಲ್ಲಿ ಲೇಕ್ ಸಕ್ಸೆಸ್ ಎಂಬ ಊರು. ಎರಡನೆಯ ಮಹಾಯುದ್ಧದ ಕಾಲಕ್ಕೆ ಯುದ್ಧೋಪಕರಣಗಳನ್ನು ತಯಾರಿಸುತ್ತಿದ್ದ ಕಾರ್ಖಾನೆಯೊಂದರಲ್ಲಿ ಆಗಿನ್ನೂ ಸ್ವಂತ ಮನೆಯಿಲ್ಲದ ವಿಶ್ವಸಂಸ್ಥೆ ಬಿಡಾರ ಹೂಡಿತ್ತು. ರಜೆಯ ದಿನವೆಂಬುದನ್ನೂ ನೋಡದೆ ಅಲ್ಲಿ ಭದ್ರತಾ ಮಂಡಳಿ ಮಧ್ಯಾಹ್ನ ಎರಡು ಗಂಟೆಗೆ ಸೇರಿತು. ಆ ದಿನ ಬೆಳಗಿನ ಜಾವ ಉತ್ತರ ಕೊರಿಯದ ಸೇನೆ ಮೂವತ್ತೆಂಟನೆಯ ಅಕ್ಷಾಂಶವನ್ನು ದಾಟಿ ದಕ್ಷಿಣಕ್ಕೆ ನುಗ್ಗಿತ್ತು. ಮಂಡಳಿಯ ಅಧ್ಯಕ್ಷ ಪೀಠ ತಿಂಗಳಿಗೊಬ್ಬರಂತೆ ಸರದಿಯಲ್ಲಿ ಬರುವುದು ವಾಡಿಕೆ. ಜೂನ್ ತಿಂಗಳ ಸರದಿ ಭಾರತದ್ದು. ಹೀಗಾಗಿ ಮೂರನೆಯ ಮಹಾಯುದ್ಧವೇ ಬಂತೇನೋ ಎಂದು ಜಗತ್ತು ಬೆದರಿದ ಆ ಮಧ್ಯಾಹ್ನ ಪೀಠದಲ್ಲಿ ಕುಳಿತಿದ್ದವರು ಮಂಗಳೂರಿನ ಬೆನಗಲ್ ನರಸಿಂಗರಾಯರು.

ಅರವತ್ತು ದಾಟಿದ್ದ ಕೃಶಕಾಯರು, ಮೃದುಭಾಷಿ. ಕೆನರಾ ಹೈಸ್ಕೂಲಿನಲ್ಲಿ ಓದಿ, ಕೇಂಬ್ರಿಜ್ ಕಂಡು, ಐಸಿಎಸ್ ಸೇರಿ, ನ್ಯಾಯಾಧೀಶರಾಗಿದ್ದವರು. ಸಂವಿಧಾನ ಸಭೆಯ ಸಲಹೆಗಾರರಾಗಿ ಮೊದಲ ಕರಡನ್ನು ಸಿದ್ಧಪಡಿಸಿದ್ದವರೂ ಅವರೇ. ಆ ಸಂವಿಧಾನ ಜಾರಿಗೆ ಬಂದು ಆಗಿನ್ನೂ ಐದು ತಿಂಗಳು. ಅವರ ಎದುರಿಗೆ ಸೋವಿಯತ್ ಒಕ್ಕೂಟದ ಕುರ್ಚಿ ಖಾಲಿ ಬಿದ್ದಿತ್ತು. ಚೀನದ ಸ್ಥಾನವನ್ನು ಪೀಕಿಂಗಿನ ಹೊಸ ಕಮ್ಯುನಿಸ್ಟ್ ಸರ್ಕಾರಕ್ಕೆ ಕೊಡಲಿಲ್ಲವೆಂದು ಮುನಿದು ರಷ್ಯದವರು ಜನವರಿಯಿಂದಲೇ ಸಭೆಗೆ ಬರುತ್ತಿರಲಿಲ್ಲ. ದಾಳಿಯನ್ನು ಖಂಡಿಸಿ, ಸೇನೆ ಹಿಂದಕ್ಕೆ ಸರಿಯಬೇಕೆಂದು ಹೇಳುವ ನಿರ್ಣಯ ಒಂಬತ್ತು ಮತಗಳಿಂದ ಅಂಗೀಕಾರವಾಯಿತು. ಭಾರತದ ಮತವೂ ಅದರಲ್ಲಿ ಸೇರಿತ್ತು. ಎರಡು ದಿನ ಕಳೆದು ಇನ್ನೊಂದು ನಿರ್ಣಯ ಬಂತು: ದಕ್ಷಿಣ ಕೊರಿಯಕ್ಕೆ ಸದಸ್ಯ ರಾಷ್ಟ್ರಗಳು ನೆರವು ಕೊಡಲಿ ಎಂಬುದು ಅದರ ಸಾರ. ಈ ಬಾರಿ ನರಸಿಂಗರಾಯರು ಕೈ ಎತ್ತಲಿಲ್ಲ, ವಿರೋಧಿಸಲೂ ಇಲ್ಲ. ತಮ್ಮ ಸರ್ಕಾರದ ಸೂಚನೆ ಇನ್ನೂ ಬಂದಿಲ್ಲವೆಂದು ಹೇಳಿ ಮತದಾನದಿಂದ ದೂರ ಉಳಿದರು. ಈಜಿಪ್ತಿನ ಪ್ರತಿನಿಧಿಯದೂ ಅದೇ ಉತ್ತರ. ಒಪ್ಪಿಗೆ ದಿಲ್ಲಿಯಿಂದ ಹೊರಟಿದ್ದು ಜೂನ್ 29ರಂದು.

ಆ ಎರಡು ದಿನಗಳ ಮೌನವನ್ನು ಹಿಂಜರಿಕೆಯೆಂದು ಪಾಶ್ಚಾತ್ಯ ಪತ್ರಿಕೆಗಳು ಆಡಿಕೊಂಡವು. ನನಗೆ ಅದರಲ್ಲಿ ಬೇರೆಯೇ ಒಂದು ಸಂಗತಿ ಕಾಣುತ್ತದೆ. ಪೀಠದಲ್ಲಿ ಎಂಥ ಪಂಡಿತನೇ ಕುಳಿತಿರಲಿ, ಅವನ ಬಾಯಿಂದ ಹೊರಡುವ ಮಾತು ಅವನದಲ್ಲ. ಸಾವಿರಾರು ಮೈಲಿ ದೂರದ ಒಂದು ಕಚೇರಿಯಲ್ಲಿ ಕಡತ ತೆರೆದು, ಟಿಪ್ಪಣಿ ಬರೆದು, ಮಂತ್ರಿಮಂಡಲದ ಮುಂದಿಟ್ಟು, ಗುಪ್ತಲಿಪಿಗೆ ಇಳಿಸಿ ತಂತಿ ಕಳಿಸಿದ ಮೇಲಷ್ಟೇ ಅವನ ಕೈಗೆ ಮೇಲೇಳುವ ಅಧಿಕಾರ. ಕೊರಿಯದ ಕಥೆಯನ್ನು ಸಾಮಾನ್ಯವಾಗಿ ಸೇನಾನಿಗಳ ಕಥೆಯಾಗಿ ಹೇಳುತ್ತಾರೆ. ದಿಲ್ಲಿಯ ಆ ಕಚೇರಿಯ ಕಡೆಯಿಂದಲೂ ಅದನ್ನು ಹೇಳಬಹುದು.

ಕಚೇರಿಯ ವಂಶಾವಳಿ ದೊಡ್ಡದು. ರಾಜ್ಯವಿದ್ದಲ್ಲೆಲ್ಲ ಪರರಾಜ್ಯದ ವ್ಯವಹಾರ ನೋಡುವ ಅಧಿಕಾರಿಯೂ ಇದ್ದೇ ಇದ್ದ. ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ಸಂಧಿವಿಗ್ರಹಿಗಳ ಹೆಸರು ಮತ್ತೆ ಮತ್ತೆ ಬರುತ್ತದೆ. ಆದರೆ ದಿಲ್ಲಿಯ ವಿದೇಶಾಂಗ ಖಾತೆಯ ನೇರ ಹಿರೀಕರು ಅವರಲ್ಲ, ಈಸ್ಟ್ ಇಂಡಿಯಾ ಕಂಪನಿಯವರು. ವಾರನ್ ಹೇಸ್ಟಿಂಗ್ಸನ ಕಾಲದಲ್ಲಿ, 1783ರಲ್ಲಿ, ಗುಪ್ತ ಹಾಗೂ ರಾಜಕೀಯ ವ್ಯವಹಾರಗಳಿಗೆಂದು ಕಲ್ಕತ್ತೆಯಲ್ಲಿ ಪ್ರತ್ಯೇಕ ಇಲಾಖೆಯೊಂದನ್ನು ಕಂಪನಿ ತೆರೆಯಿತು. 1843ರಲ್ಲಿ ಗವರ್ನರ್ ಜನರಲ್ ಎಲೆನ್‌ಬರೊ ಅದನ್ನು ಫಾರಿನ್ ಡಿಪಾರ್ಟ್‌ಮೆಂಟ್ ಎಂಬ ಪೂರ್ಣ ಖಾತೆಯಾಗಿಸಿದ. ಅದರ ದೃಷ್ಟಿಯಲ್ಲಿ ಹೊರದೇಶವೆಂದರೆ ಕಾಬೂಲ್, ಲಾಸಾ, ಪಾರಸಿ ಕೊಲ್ಲಿ ಮಾತ್ರವಲ್ಲ. ಹೈದರಾಬಾದೂ ಹೊರದೇಶ, ಮೈಸೂರೂ ಹೊರದೇಶ. 1881ರಲ್ಲಿ ಮೈಸೂರು ಸೀಮೆಯನ್ನು ಒಡೆಯರಿಗೆ ಮರಳಿ ಒಪ್ಪಿಸಿದ ಪತ್ರವ್ಯವಹಾರವೆಲ್ಲ ಆ ಖಾತೆಯ ಮೂಲಕವೇ ನಡೆದದ್ದು. ಅನಂತರ ಬೆಂಗಳೂರಿನಲ್ಲಿ ಕುಳಿತ ರೆಸಿಡೆಂಟ್ ಸಾಹೇಬರು ವರದಿ ಒಪ್ಪಿಸುತ್ತಿದ್ದದ್ದೂ ಅಲ್ಲಿಗೇ. ಈಗ ರಾಜ್ಯಪಾಲರು ವಾಸಿಸುವ ಭವನ ಅಂದು ಆ ಸಾಹೇಬರ ಬಂಗಲೆಯಾಗಿತ್ತು. ಒಟ್ಟಿನಲ್ಲಿ ಮೈಸೂರಿನ ಹಳೆಯ ದಿವಾನರಿಗೆ ವಿದೇಶಾಂಗ ಖಾತೆಯೆಂದರೆ ಮನೆಯ ಹಿತ್ತಲಿನಿಂದಲೇ ಇಣುಕುವ ಕಣ್ಣು.

1946ರ ಸೆಪ್ಟೆಂಬರ್ 2ರಂದು ಮಧ್ಯಂತರ ಸರ್ಕಾರ ಬಂದಾಗ ಈ ಖಾತೆ ಜವಾಹರಲಾಲ ನೆಹರೂ ಕೈಗೆ ಬಂತು. ಮುಂದೆ ಸಾಯುವ ತನಕ ಅವರು ಅದನ್ನು ಇನ್ನೊಬ್ಬರಿಗೆ ಬಿಟ್ಟುಕೊಡಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಭಾರತೀಯ ವಿದೇಶಾಂಗ ಸೇವೆ ಹುಟ್ಟಿತು. ಹುಟ್ಟಿತೆಂದರೆ ಕಾಗದದ ಮೇಲೆ. ಮನುಷ್ಯರನ್ನು ತರುವುದು ಎಲ್ಲಿಂದ? ಬ್ರಿಟಿಷರ ರಾಜಕೀಯ ಸೇವೆಯಲ್ಲಿ ಭಾರತೀಯರು ಬೆರಳೆಣಿಕೆಯಷ್ಟು. ಸಿಕ್ಕವರನ್ನೇ ನೆಹರೂ ಒಟ್ಟುಗೂಡಿಸಿದರು: ಐಸಿಎಸ್ ಅಧಿಕಾರಿಗಳು, ಸಂಸ್ಥಾನಗಳ ದಿವಾನರು, ಪ್ರಾಧ್ಯಾಪಕರು, ಜೈಲು ಕಂಡ ಕಾಂಗ್ರೆಸ್ಸಿಗರು. ಗಿರಿಜಾಶಂಕರ ಬಾಜಪೇಯಿ ಯುದ್ಧಕಾಲದಲ್ಲಿ ವಾಷಿಂಗ್ಟನ್ನಿನಲ್ಲಿ ಬ್ರಿಟಿಷ್ ಇಂಡಿಯಾದ ಏಜೆಂಟ್ ಜನರಲ್ ಆಗಿದ್ದವರು. ಸ್ವಾತಂತ್ರ್ಯ ಚಳವಳಿಯವರ ಕಣ್ಣಿಗೆ ಪರಕೀಯರ ನಿಷ್ಠಾವಂತ ಸೇವಕ. ಅವರನ್ನೇ ನೆಹರೂ ಖಾತೆಯ ಮಹಾಕಾರ್ಯದರ್ಶಿಯಾಗಿ ಮಾಡಿಕೊಂಡರು. ಹಗೆ ಮರೆತು ಕೆಲಸಗಾರನನ್ನು ಗುರುತಿಸುವ ಈ ಗುಣ ಆ ತಲೆಮಾರಿನ ದೊಡ್ಡತನಗಳಲ್ಲಿ ಒಂದು. ವಿದೇಶಾಂಗ ಕಾರ್ಯದರ್ಶಿಯಾಗಿ ಬಂದವರು ಕೊಟ್ಟಾಯಂನ ಕೆ.ಪಿ.ಎಸ್. ಮೆನನ್. ಮಾಸ್ಕೋಗೆ ವಿಜಯಲಕ್ಷ್ಮಿ ಪಂಡಿತ್ ಹೋದರು, ಅವರ ಬಳಿಕ ದಾರ್ಶನಿಕ ರಾಧಾಕೃಷ್ಣನ್ ಹೋದರು. ಚೀನಕ್ಕೆ ಹೋದವರು ಇತಿಹಾಸಕಾರ, ಬಿಕನೇರಿನ ಮಾಜಿ ದಿವಾನ, ಗಡ್ಡಧಾರಿ ಕೆ.ಎಂ. ಪಣಿಕ್ಕರ್.

ಕೊರಿಯ ಈ ಖಾತೆಗೆ ಅಪರಿಚಿತವೇನಲ್ಲ. ಜಪಾನು ಶರಣಾದಾಗ ಅಮೆರಿಕ, ರಷ್ಯಗಳು ಭೂಪಟದ ಮೇಲೆ ಗೆರೆ ಎಳೆದು ಆ ದೇಶವನ್ನು ಎರಡಾಗಿ ಸೀಳಿದ್ದವು. ಒಂದಾಗಿಸಿ ಚುನಾವಣೆ ನಡೆಸಲೆಂದು 1948ರ ಆರಂಭದಲ್ಲಿ ಸಿಯೋಲಿಗೆ ಹೋದ ವಿಶ್ವಸಂಸ್ಥೆಯ ಆಯೋಗಕ್ಕೆ ಇದೇ ಕೆ.ಪಿ.ಎಸ್. ಮೆನನ್ ಅಧ್ಯಕ್ಷರಾಗಿದ್ದರು. ಉತ್ತರದ ಬಾಗಿಲು ತೆರೆಯಲಿಲ್ಲ. ಮೇ 10ರಂದು ದಕ್ಷಿಣದಲ್ಲಷ್ಟೇ ಚುನಾವಣೆ ನಡೆದು, ಆ ವರ್ಷವೇ ಎರಡು ಸರ್ಕಾರಗಳು ಎದುರುಬದುರು ನಿಂತವು. ಯುದ್ಧದ ಬೀಜ ಬಿದ್ದ ನೆಲವನ್ನು ಖಾತೆಯ ಕಾರ್ಯದರ್ಶಿ ಕಣ್ಣಾರೆ ಕಂಡು ಬಂದಿದ್ದರು.

ದಾಳಿಯನ್ನು ದಾಳಿಯೆಂದು ಕರೆದ ಭಾರತ ಸೈನ್ಯ ಕಳಿಸಲು ಮಾತ್ರ ಒಪ್ಪಲಿಲ್ಲ. ಅಮೆರಿಕದ ಅಧೀನದಲ್ಲಿ ಏಕೀಕೃತ ಸೇನಾಧಿಪತ್ಯ ರಚಿಸುವ ಜುಲೈ 7ರ ನಿರ್ಣಯದಲ್ಲಿ ತಟಸ್ಥವಾಗಿ ಉಳಿಯಿತು. ಜುಲೈ 13ರಂದು ನೆಹರೂ ಸ್ಟಾಲಿನ್ನನಿಗೂ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಅಚೆಸನ್ನನಿಗೂ ಓಲೆ ಕಳಿಸಿದರು. ಯುದ್ಧ ಹಬ್ಬದಂತೆ ತಡೆಯಬೇಕು, ಪೀಕಿಂಗ್ ಸರ್ಕಾರಕ್ಕೆ ಮಂಡಳಿಯಲ್ಲಿ ಸ್ಥಾನ ಸಿಗಬೇಕು, ರಷ್ಯ ಮರಳಿ ಬರಬೇಕು ಎಂಬುದು ಅದರ ತಾತ್ಪರ್ಯ. ಸ್ಟಾಲಿನ್ ಒಪ್ಪಿದಂತೆ ಮಾತಾಡಿದ, ಅಚೆಸನ್ ತಳ್ಳಿಹಾಕಿದ. ಓಲೆ ಬರೆದದ್ದರಿಂದ ಒಂದು ಗುಂಡೂ ನಿಲ್ಲಲಿಲ್ಲ. ಬಂದೂಕಿನ ಬದಲು ಭಾರತ ಕಳಿಸಿದ್ದು 60ನೆಯ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್ ಎಂಬ ವೈದ್ಯದಳವನ್ನು. ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ನಾಯಕತ್ವದಲ್ಲಿ ಅದು ನವೆಂಬರಿನಲ್ಲಿ ಅಲ್ಲಿಗೆ ಮುಟ್ಟಿತು. ಮುಟ್ಟಿದ ಕೆಲವೇ ದಿನಗಳಲ್ಲಿ ಚೀನದ ಸೇನೆ ಮುನ್ನುಗ್ಗಿ, ಉತ್ತರದ ರಾಜಧಾನಿ ಪ್ಯಾಂಗ್ಯಾಂಗಿನಿಂದ ವಿಶ್ವಸಂಸ್ಥೆಯ ಪಡೆಗಳೆಲ್ಲ ಕಾಲ್ತೆಗೆಯುವ ಹೊತ್ತು ಬಂತು. ಔಷಧ, ಉಪಕರಣ ಬಿಟ್ಟು ಹೊರಡಿ ಎಂದರೆ ಈ ದಳದವರು ಕೇಳಲಿಲ್ಲ. ಎಲ್ಲೋ ಬಿದ್ದಿದ್ದ ಹಳೆಯ ಉಗಿಬಂಡಿಯೊಂದನ್ನು ಹುಡುಕಿ, ತಾವೇ ನೀರು ತುಂಬಿ ಕಿಚ್ಚು ಹೊತ್ತಿಸಿ, ಸಾಮಾನನ್ನೆಲ್ಲ ಹೇರಿಕೊಂಡು, ಸೇತುವೆಗಳನ್ನು ಸ್ಫೋಟಿಸುವ ಮುನ್ನ ನದಿ ದಾಟಿಸಿದರು. ದಿಲ್ಲಿಯಲ್ಲಿ ಖಾತೆಯ ಕಚೇರಿಯಿದ್ದ ಸೌತ್ ಬ್ಲಾಕಿನ ಯಾವ ಟಿಪ್ಪಣಿಗಿಂತಲೂ ಆ ರೈಲು ಭಾರತಕ್ಕೆ ಹೆಚ್ಚು ಗೌರವ ತಂದಿತೆಂದರೆ ಅತಿಶಯವಲ್ಲ.

ಆ ಹಿಮ್ಮೆಟ್ಟುವಿಕೆ ಬೇಕಿರಲಿಲ್ಲ. ಅದಕ್ಕೆ ಎರಡು ತಿಂಗಳು ಮುಂಚೆಯೇ ಎಚ್ಚರಿಕೆಯ ಗಂಟೆ ಬಾರಿಸಿತ್ತು, ಬಾರಿಸಿದ್ದು ಭಾರತದ ರಾಯಭಾರ ಕಚೇರಿಯ ಮೂಲಕ.

ಸೆಪ್ಟೆಂಬರ್ 15ರಂದು ವಿಶ್ವಸಂಸ್ಥೆಯ ಸೇನಾಧಿಪತಿ ಜನರಲ್ ಮೆಕಾರ್ಥರ್ ಇಂಚಾನಿನಲ್ಲಿ ಸೇನೆ ಇಳಿಸಿ ಯುದ್ಧದ ಗತಿಯನ್ನೇ ತಿರುಗಿಸಿದ್ದ. ಉತ್ತರದ ಸೇನೆ ಚೆಲ್ಲಾಪಿಲ್ಲಿಯಾಗಿ ಓಡುತ್ತಿತ್ತು. ಬೆನ್ನಟ್ಟಿ ರೇಖೆ ದಾಟುವುದೋ, ಅಲ್ಲಿಗೇ ನಿಲ್ಲುವುದೋ ಎಂಬುದೀಗ ಪ್ರಶ್ನೆ. ಅಕ್ಟೋಬರ್ 2ರ ರಾತ್ರಿ ಪಣಿಕ್ಕರ್ ಮಲಗಿಯಾಗಿತ್ತು. ನಡುರಾತ್ರಿ ಅವರನ್ನು ಎಬ್ಬಿಸಿದರು. ಚೀನದ ವಿದೇಶಾಂಗ ಖಾತೆಯ ಏಷ್ಯ ವಿಭಾಗದ ಮುಖ್ಯಸ್ಥ ಕೆಳಗೆ ಬಂದು ಕಾದಿದ್ದ. ಪ್ರಧಾನಿ ಚೌ ಎನ್‌ಲಾಯ್ ಈಗಲೇ ಕಾಣಬೇಕೆಂದಿದ್ದಾರೆ ಎಂಬ ಕರೆ. ಹನ್ನೆರಡೂವರೆಗೆ ಭೇಟಿ. ಚೌ ಸಾವಧಾನವಾಗಿ ಚಹಾ ಕೊಟ್ಟು, ಹೇಳಬೇಕಾದ್ದನ್ನು ನೇರವಾಗಿ ಹೇಳಿದ: ಅಮೆರಿಕದ ಸೇನೆ ಮೂವತ್ತೆಂಟನೆಯ ರೇಖೆ ದಾಟಿದರೆ ಚೀನ ಸುಮ್ಮನಿರದು, ಯುದ್ಧಕ್ಕಿಳಿಯುತ್ತದೆ, ದಕ್ಷಿಣ ಕೊರಿಯದವರೇ ದಾಟಿದರೆ ಆ ಮಾತು ಬೇರೆ. ಪಣಿಕ್ಕರ್ ಮನೆಗೆ ಮರಳಿದಾಗ ಗುಪ್ತಲಿಪಿಯ ಸಹಾಯಕ ಎಚ್ಚರವಿದ್ದ. ಆ ರಾತ್ರಿಯೇ ತಂತಿ ದಿಲ್ಲಿಗೆ ಹೊರಟಿತು. ದಿಲ್ಲಿ ಅದನ್ನು ಲಂಡನ್ನಿಗೂ ವಾಷಿಂಗ್ಟನ್ನಿಗೂ ಮುಟ್ಟಿಸಿತು.

ಚೌ ಎನ್‌ಲಾಯ್ ಇದನ್ನು ಅಮೆರಿಕಕ್ಕೆ ನೇರವಾಗಿ ಹೇಳುವಂತಿರಲಿಲ್ಲ. ಅವೆರಡು ದೇಶಗಳ ನಡುವೆ ರಾಯಭಾರವೇ ಇಲ್ಲ. ಹೊಸ ಚೀನವನ್ನು 1949ರ ಡಿಸೆಂಬರ್ 30ರಂದು ಭಾರತ ಮಾನ್ಯ ಮಾಡಿದಾಗ, ಅವಸರ ಮಾಡಿತೆಂದು ಹಲವರು ಹುಬ್ಬುಗಂಟಿಕ್ಕಿದ್ದರು. ಹತ್ತು ತಿಂಗಳೂ ತುಂಬುವ ಮುನ್ನ ಆ ಮಾನ್ಯತೆಯ ಬೆಲೆ ಗೊತ್ತಾಯಿತು: ಒಬ್ಬರ ಮುಖ ಒಬ್ಬರು ನೋಡದ ಎರಡು ಶಕ್ತಿಗಳ ನಡುವೆ ಮಾತು ಹಾಯಲು ಇದ್ದದ್ದು ಅದೊಂದೇ ಕಿಂಡಿ.

ಕಿಂಡಿಯಿಂದ ಮಾತು ಹಾಯಿತು, ಆದರೆ ಕೇಳುವ ಕಿವಿ ಇರಲಿಲ್ಲ. ಪಣಿಕ್ಕರ್ ಚೀನದ ಪಕ್ಷಪಾತಿಯೆಂದು ವಾಷಿಂಗ್ಟನ್ನಿನಲ್ಲಿ ಆಗಲೇ ಹೆಸರಾಗಿತ್ತು. ಅಮೆರಿಕದ ಅಧ್ಯಕ್ಷ ಟ್ರೂಮನ್ನನಿಗೆ ಪಣಿಕ್ಕರ್ ಮೇಲೆ ನಂಬಿಕೆಯಿರಲಿಲ್ಲ. ಬರೀ ಬೆದರಿಕೆಯೆಂದು ಎಲ್ಲರೂ ತಳ್ಳಿಹಾಕಿದರು. ಅಕ್ಟೋಬರ್ 7ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಕೊರಿಯದಾದ್ಯಂತ ನಿಯಂತ್ರಣ ಸ್ಥಾಪಿಸಲು ಅನುವಾಗುವ ನಿರ್ಣಯವನ್ನು ಒಪ್ಪಿತು. ಭಾರತ ಅದಕ್ಕೆ ಮತ ಕೊಡಲಿಲ್ಲ. ಅಮೆರಿಕದ ಪಡೆಗಳು ರೇಖೆ ದಾಟಿದವು. ಚೀನ ಬರುವ ಸಂಭವ ತೀರ ಕಡಿಮೆಯೆಂದು ಅಕ್ಟೋಬರ್ 15ರಂದು ವೇಕ್ ದ್ವೀಪದಲ್ಲಿ ಮೆಕಾರ್ಥರ್ ತನ್ನ ಅಧ್ಯಕ್ಷನಿಗೆ ಭರವಸೆ ಕೊಟ್ಟ. ನಾಲ್ಕು ದಿನ ಕಳೆದು, 19ರ ಕತ್ತಲಲ್ಲಿ, ಚೀನದ ಸೇನೆ ಸದ್ದಿಲ್ಲದೆ ಯಾಲೂ ನದಿಯನ್ನು ದಾಟತೊಡಗಿತು. ಹೊಸ ವರ್ಷ ಬರುವಷ್ಟರಲ್ಲಿ ಸಿಯೋಲ್ ಮತ್ತೆ ಕೈಬಿಡುವ ಸ್ಥಿತಿ ಬಂತು.

ಇಲ್ಲಿಗೆ ನಿಲ್ಲಿಸಿದರೆ ಪಣಿಕ್ಕರ್ ಮಹಾಪ್ರವಾದಿಯಂತೆ ಕಾಣುತ್ತಾರೆ. ನ್ಯಾಯವಾಗಿ ಹೇಳಬೇಕಾದರೆ ಅದೇ ಅಕ್ಟೋಬರಿನ ಇನ್ನೊಂದು ಮುಖವನ್ನೂ ಹೇಳಬೇಕು. ಯಾಲೂ ದಾಟಿದ ಅದೇ 19ರಂದು ಪೂರ್ವ ಟಿಬೆಟ್ಟಿನ ಚಾಮ್ಡೊ ಚೀನದ ವಶವಾಯಿತು. ಸಾವಿರಾರು ಮೈಲಿ ದೂರದ ಕೊರಿಯದ ಬಗ್ಗೆ ಅಷ್ಟು ನಿಖರವಾಗಿ ಸುದ್ದಿ ತಂದ ರಾಯಭಾರಿಗೆ ಭಾರತದ ತಲೆಬಾಗಿಲಲ್ಲೇ ನಡೆಯುತ್ತಿದ್ದ ಸಂಗತಿಯ ಗುರುತು ಸಿಕ್ಕಿರಲಿಲ್ಲ, ಅಥವಾ ಸಿಕ್ಕರೂ ಅದರ ತೂಕ ತಿಳಿಯಲಿಲ್ಲ. ಸರ್ದಾರ್ ಪಟೇಲರು ನವೆಂಬರ್ 7ರಂದು ನೆಹರೂಗೆ ಬರೆದ ದೀರ್ಘ ಪತ್ರದಲ್ಲಿ ರಾಯಭಾರಿಯ ನಡೆಯನ್ನು ಕಟುವಾಗಿ ಟೀಕಿಸಿದರು. ಬಾಜಪೇಯಿಯವರ ಮನಸ್ಸೂ ಪಟೇಲರ ಕಡೆಗೇ ಇತ್ತು. ಒಂದೇ ಖಾತೆಯೊಳಗೆ ಒಬ್ಬರು ಪೀಕಿಂಗನ್ನು ನಂಬಿದ್ದರು, ಇನ್ನೊಬ್ಬರು ಶಂಕಿಸಿದ್ದರು, ನಡುವೆ ಕುಳಿತ ಮಂತ್ರಿ ತಮಗೆ ಬೇಕಾದ್ದನ್ನು ಆರಿಸಿಕೊಂಡರು. ಎಲ್ಲ ಗೊತ್ತಿರುವ ಪ್ರಧಾನಿಯೇ ಖಾತೆಯ ಮಂತ್ರಿಯೂ ಆದಾಗ ಎದುರು ಮಾತಿನ ಟಿಪ್ಪಣಿ ಕಡತದಲ್ಲೇ ಉಳಿಯುವುದು ಸುಲಭ. ಇದರ ಬಡ್ಡಿಯನ್ನು 1962ರ ಚೀನ ಯುದ್ಧದಲ್ಲಿ ಕಟ್ಟಬೇಕಾಯಿತು. ಅದು ಬೇರೆಯದೇ ಕಥೆ.

ನ್ಯೂಯಾರ್ಕಿನಲ್ಲಿ ನರಸಿಂಗರಾಯರು ಸುಮ್ಮನೆ ಕೂತಿರಲಿಲ್ಲ. 1950ರ ಡಿಸೆಂಬರಿನಲ್ಲಿ ಕದನವಿರಾಮದ ದಾರಿ ಹುಡುಕಲೆಂದು ಸಾಮಾನ್ಯ ಸಭೆ ಮೂವರ ಗುಂಪೊಂದನ್ನು ನೇಮಿಸಿತು: ಇರಾನಿನ ಎಂತೆಜಾಮ್, ಕೆನಡಾದ ಲೆಸ್ಟರ್ ಪಿಯರ್ಸನ್, ಮತ್ತು ನರಸಿಂಗರಾಯರು. ಆಗ ನ್ಯೂಯಾರ್ಕಿಗೆ ಬಂದಿದ್ದ ಚೀನದ ಪ್ರತಿನಿಧಿ ವೂ ಷಿಯುಚ್ವಾನನನ್ನೂ ಕಂಡು ಮಾತಾಡಿದರು. ಗೆಲುವಿನ ಅಮಲಿನಲ್ಲಿದ್ದ ಚೀನ ಕಿವಿಗೊಡಲಿಲ್ಲ. ಮೂರು ತಿಂಗಳ ಹಿಂದೆ ಅಮೆರಿಕಕ್ಕಿದ್ದ ಅಮಲೇ ಇದು, ಮನೆ ಬದಲಿಸಿತ್ತು ಅಷ್ಟೆ. 1951ರ ಫೆಬ್ರವರಿ 1ರಂದು ಚೀನವನ್ನು ಆಕ್ರಮಣಕಾರಿಯೆಂದು ಘೋಷಿಸುವ ನಿರ್ಣಯ ಬಂದಾಗ ಕಮ್ಯುನಿಸ್ಟ್ ಬಣದ ಹೊರಗೆ ಅದನ್ನು ವಿರೋಧಿಸಿದ ದೇಶಗಳು ಎರಡೇ, ಭಾರತ ಮತ್ತು ಬರ್ಮ. ಹಣೆಪಟ್ಟಿ ಕಟ್ಟಿದ ಮೇಲೆ ಸಂಧಾನಕ್ಕೆ ಕರೆಯುವುದು ಹೇಗೆ ಎಂಬುದು ಭಾರತದ ವಾದ. ಅಮೆರಿಕದಲ್ಲಿ ಆ ಚಳಿಗಾಲ ಭಾರತದ ಹೆಸರು ಕೆಟ್ಟಿತ್ತು. ಬರಗಾಲದ ಹೊತ್ತಿನಲ್ಲಿ ಕೇಳಿದ ಗೋಧಿಗೂ ಅಲ್ಲಿನ ಕಾಂಗ್ರೆಸ್ಸಿನಲ್ಲಿ ತಿಂಗಳುಗಟ್ಟಲೆ ಚೌಕಾಸಿ ನಡೆಯಿತು. ಸ್ವತಂತ್ರ ಮಾತಿಗೆ ಹೀಗೆ ಹೊಟ್ಟೆಯ ಲೆಕ್ಕದಲ್ಲೂ ಬೆಲೆ ತೆರಬೇಕಾಗುತ್ತದೆಂದು ಎಳೆಯ ಖಾತೆ ಕಲಿತದ್ದು ಆಗ. ನರಸಿಂಗರಾಯರು ಮುಂದೆ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ನ್ಯಾಯಾಧೀಶರಾಗಿ ಹೋದರು.

1951ರ ಜುಲೈಯಲ್ಲಿ ಎರಡು ಕಡೆಯ ಸೇನಾಧಿಕಾರಿಗಳು ಮಾತಿಗೆ ಕುಳಿತರು. ಗಡಿಯ ಗೆರೆ, ವಿರಾಮದ ನಿಯಮ ಎಲ್ಲ ಒಂದೊಂದಾಗಿ ತೀರ್ಮಾನಕ್ಕೆ ಬಂದರೂ ಒಂದು ಗಂಟು ಬಿಚ್ಚಲಿಲ್ಲ. ಅದು ಕೈದಿಗಳ ಗಂಟು. ಯುದ್ಧ ಮುಗಿದ ಕೂಡಲೆ ಕೈದಿಗಳನ್ನು ತಡಮಾಡದೆ ತಾಯ್ನಾಡಿಗೆ ಕಳಿಸಬೇಕೆಂದು 1949ರ ಜಿನೀವಾ ಒಪ್ಪಂದ ವಿಧಿಸುತ್ತದೆ. ಒಪ್ಪಂದ ಬರೆದವರಿಗೆ, ಮನೆಗೆ ಹೋಗಲೊಲ್ಲೆ ಎನ್ನುವ ಕೈದಿಯ ಕಲ್ಪನೆ ಇದ್ದಂತಿಲ್ಲ. ವಿಶ್ವಸಂಸ್ಥೆಯ ಸೇನೆಯ ವಶದಲ್ಲಿದ್ದ ಸುಮಾರು 1,32,000 ಕೈದಿಗಳನ್ನು 1952ರ ವಸಂತದಲ್ಲಿ ಕೇಳಿ ನೋಡಿದಾಗ ಮರಳುತ್ತೇವೆಂದವರು ಸುಮಾರು 70,000 ಮಾತ್ರ. ಚೀನಕ್ಕೆ ಇದು ಮುಖಭಂಗ, ಒಪ್ಪಲಾರದು. ಅಮೆರಿಕಕ್ಕೆ ಇದು ತತ್ತ್ವದ ಪ್ರಶ್ನೆ, ಬಿಡಲಾರದು. ಆ ಶಿಬಿರಗಳೂ ಮುಕ್ತ ಮನಸ್ಸಿನ ತಾಣಗಳಾಗಿರಲಿಲ್ಲ; ಕಮ್ಯುನಿಸ್ಟರು, ಅವರ ವೈರಿಗಳು ಇಬ್ಬರೂ ಒಳಗೇ ಪಡೆ ಕಟ್ಟಿಕೊಂಡು ಹೊಡೆದಾಡುತ್ತಿದ್ದರು. ಕೋಜೆ ದ್ವೀಪದಲ್ಲಿ ಕೈದಿಗಳು ಶಿಬಿರದ ಅಧಿಪತಿಯಾದ ಅಮೆರಿಕದ ಜನರಲ್ಲನನ್ನೇ ಹಿಡಿದು ಒತ್ತೆಯಾಳಾಗಿಸಿದ್ದರು. ಈ ಒಂದು ಪ್ರಶ್ನೆಗಾಗಿ ಯುದ್ಧ ಇನ್ನೂ ಒಂದು ವರ್ಷ ಮೀರಿ ಎಳೆಯಿತು. ಕೈದಿಗಳ ಆಯ್ಕೆಯ ಹೆಸರಿನಲ್ಲಿ ಗುಡ್ಡಗಳ ಮೇಲೆ ದಿನವೂ ಸೈನಿಕರು ಸಾಯುತ್ತಿದ್ದರು.

ಗಂಟಿಗೆ ಕೈ ಹಾಕಿದವರು ವಿ.ಕೆ. ಕೃಷ್ಣ ಮೆನನ್. ಖಾತೆಯ ಶಿಸ್ತಿಗೆ ಒಗ್ಗದ ಮನುಷ್ಯ. ನಾಲಗೆ ಚೂಪು, ಆಹಾರ ಬರೀ ಚಹಾ, ನಿದ್ದೆ ಕಡಿಮೆ, ಸ್ನೇಹಿತರು ಇನ್ನೂ ಕಡಿಮೆ. 1952ರ ಶರತ್ಕಾಲದಲ್ಲಿ ವಿಜಯಲಕ್ಷ್ಮಿ ಪಂಡಿತರ ನಾಯಕತ್ವದ ನಿಯೋಗದಲ್ಲಿ ನ್ಯೂಯಾರ್ಕಿಗೆ ಹೋದ ಅವರು ಒಬ್ಬೊಬ್ಬ ರಾಯಭಾರಿಯ ಬಾಗಿಲನ್ನೂ ತಟ್ಟಿ ಕರಡನ್ನು ತಿದ್ದಿ ತಿದ್ದಿ ನವೆಂಬರ್ 17ರಂದು ಮಂಡಿಸಿದರು. ಅದರ ಜಾಣ್ಮೆ ಇಷ್ಟೇ: ಕೈದಿಯನ್ನು ಮನೆಗೆ ಕಳಿಸಲೂ ಬಲ ಬಳಸಬಾರದು, ಮನೆಗೆ ಹೋಗದಂತೆ ತಡೆಯಲೂ ಬಲ ಬಳಸಬಾರದು. ಎರಡೂ ಕಡೆಗೆ ಸೇರದ ನಾಲ್ಕು ದೇಶಗಳ ಆಯೋಗದ ಕೈಗೆ ಅವರನ್ನು ಒಪ್ಪಿಸಿ, ತಾಯ್ನಾಡಿನವರು ಬಂದು ತಿಳಿಹೇಳಲು ಅವಕಾಶ ಕೊಡಬೇಕು. ಮೊದಲ ಅರ್ಧ ಅಮೆರಿಕಕ್ಕೆ, ಎರಡನೆಯ ಅರ್ಧ ಚೀನಕ್ಕೆ. ಅಚೆಸನ್ನನಿಗೆ ಅದು ತೀರ ಮಸುಕಾಗಿ ಕಂಡಿತು. ಸೋವಿಯತ್ ಮಂತ್ರಿ ವಿಶಿನ್ಸ್ಕಿ ಎದ್ದುನಿಂತು ಮೆನನ್ನರನ್ನು ಹೀನಾಯವಾಗಿ ಜರಿದ. ವಿಚಿತ್ರವೆಂದರೆ ಆ ಬೈಗುಳದಿಂದಲೇ ಪಶ್ಚಿಮದವರಿಗೆ ಕರಡಿನ ಮೇಲೆ ನಂಬಿಕೆ ಹೆಚ್ಚಿತು. ಡಿಸೆಂಬರ್ 3ರಂದು 54 ಮತಗಳಿಂದ ಅಂಗೀಕಾರವಾಯಿತು, ವಿರೋಧ ಐದು. ಚೀನ ತಿರಸ್ಕರಿಸಿತು, ಕಡತ ಮುಚ್ಚಿದಂತೆ ಕಂಡಿತು.

1953ರ ಮಾರ್ಚ್ 5ರಂದು ಸ್ಟಾಲಿನ್ ಸತ್ತ. ತಿಂಗಳು ಮುಗಿಯುವ ಮುನ್ನ ಚೌ ಎನ್‌ಲಾಯ್ ಹೊಸ ಸಲಹೆ ಮುಂದಿಟ್ಟ. ಜೂನ್ 8ರಂದು ಪಾನ್‌ಮುಂಜಾಮಿನಲ್ಲಿ ಸಹಿಯಾದ ಕೈದಿಗಳ ಒಪ್ಪಂದವನ್ನು ಓದಿದರೆ ಮೆನನ್ನರ ಕರಡಿನ ಎಲುಬು ಅದರೊಳಗೆ ಎದ್ದು ಕಾಣುತ್ತದೆ. ತಟಸ್ಥ ರಾಷ್ಟ್ರಗಳ ಆಯೋಗದಲ್ಲಿ ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯ. ಐದನೆಯದಾಗಿ, ಅಧ್ಯಕ್ಷ ಸ್ಥಾನದಲ್ಲಿ, ಭಾರತ. ಕೈದಿಗಳನ್ನು ಕಾಯುವ ಸೈನ್ಯವೂ ಭಾರತದ್ದೇ. ಮೂರು ವರ್ಷ ಯಾರ ಮಾತನ್ನು ಎರಡು ಕಡೆಯವರೂ ಮೂಗು ಮುರಿದು ಕೇಳಿದ್ದರೋ ಅವರ ಕೈಗೇ ಕೊನೆಗೆ ಬೀಗದ ಕೈ ಕೊಡಬೇಕಾಯಿತು.

ಕದನವಿರಾಮವಾದ ಮೇಲೆ ಆಯೋಗದ ಅಧ್ಯಕ್ಷರಾಗಿ ಹೋದವರು ಕೊಡಗಿನ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. 1948ರಲ್ಲಿ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿ ಲಡಾಖಿನ ದಾರಿ ತೆರೆದ ದಂಡನಾಯಕ. ಈಗ ಗುಂಡು ಹಾರಿಸದೆ ಗೆಲ್ಲಬೇಕಾದ ಕೆಲಸ. ಜೊತೆಗೆ ಖಾತೆಯಿಂದ ಪಿ.ಎನ್. ಹಕ್ಸರ್ ಸಲಹೆಗಾರರಾಗಿ ಬಂದರು. ಕಾವಲು ಪಡೆಯ ಸುಮಾರು 6,000 ಯೋಧರಿಗೆ ಮೇಜರ್ ಜನರಲ್ ತೋರಾಟ್ ನಾಯಕರು. ದಕ್ಷಿಣ ಕೊರಿಯದ ಅಧ್ಯಕ್ಷ ಸಿಂಗ್ಮನ್ ರೀ ಭಾರತೀಯರು ತನ್ನ ನೆಲವನ್ನು ತುಳಿಯಕೂಡದೆಂದು ಹಟ ಹಿಡಿದ. ಒಪ್ಪಂದಕ್ಕೆ ಮುನಿದು ಜೂನ್ 18ರಂದು ಸುಮಾರು 25,000 ಕೊರಿಯನ್ ಕೈದಿಗಳನ್ನು ರಾತ್ರೋರಾತ್ರಿ ಬಿಟ್ಟುಕಳಿಸಿದ್ದವನೂ ಇವನೇ. ಹಾಗಾಗಿ ಇಂಚಾನ್ ಬಂದರಿನ ಹಡಗುಗಳಿಂದ ಭಾರತದ ಸೈನಿಕರನ್ನು ಹೆಲಿಕಾಪ್ಟರುಗಳಲ್ಲಿ ಹೊತ್ತು ನೇರವಾಗಿ ನಿಸ್ಸೇನಾ ವಲಯದಲ್ಲಿ ಇಳಿಸಿದರು. ಅವರು ಅಲ್ಲಿ ಡೇರೆ ಹಾಕಿ ಅದಕ್ಕೆ ಹಿಂದ್ ನಗರವೆಂದು ಹೆಸರಿಟ್ಟರು.

ಕೈಗೆ ಬಂದ ಕೈದಿಗಳು ವಿಶ್ವಸಂಸ್ಥೆಯ ಕಡೆಯಿಂದ 22,604. ಅವರಲ್ಲಿ ಚೀನೀಯರು 14,704, ಉಳಿದವರು ಕೊರಿಯನ್ನರು. ಉತ್ತರದ ಕಡೆಯಿಂದ ಬಂದವರು 359. ಅವರಲ್ಲಿ 23 ಮಂದಿ ಅಮೆರಿಕನ್ನರು, ಒಬ್ಬ ಬ್ರಿಟಿಷ್. ಭಾರತೀಯರು ತಮ್ಮನ್ನು ಬಲವಂತವಾಗಿ ಊರಿಗೆ ಅಟ್ಟಲು ಬಂದವರೆಂದು ನಂಬಿದ್ದ ಚೀನೀ ಕೈದಿಗಳು ಮೊದಲ ದಿನಗಳಲ್ಲಿ ಕಲ್ಲು ತೂರಿದರು, ಬೈದರು. ಸೆಪ್ಟೆಂಬರ್ ಕೊನೆಯಲ್ಲಿ ಒಬ್ಬ ಭಾರತೀಯ ಮೇಜರನನ್ನು ಆವರಣದೊಳಕ್ಕೆ ಎಳೆದೊಯ್ದರು. ಗುಂಡು ಹಾರಿಸಿದ್ದರೆ ನೂರಾರು ಹೆಣ ಬೀಳುತ್ತಿದ್ದವು, ಆಯೋಗವೇ ಮುರಿದು ಬೀಳುತ್ತಿತ್ತು. ತೋರಾಟ್ ತಾವೇ ಒಳಗೆ ನಡೆದು, ಸುತ್ತುಗಟ್ಟಿದ ಕೈದಿಗಳ ನಡುವೆ ನಿಂತು ಮಾತಾಡಿ, ಅಧಿಕಾರಿಯನ್ನು ಬಿಡಿಸಿಕೊಂಡು ಬಂದರು. ಎಲ್ಲ ದಿನವೂ ಹೀಗೆ ಸುಖಾಂತವಾಗಲಿಲ್ಲ. ಅಕ್ಟೋಬರ್ ಆರಂಭದ ಗಲಭೆಗಳಲ್ಲಿ ಕಾವಲುಗಾರರು ಗುಂಡು ಹಾರಿಸಬೇಕಾಯಿತು, ಕೆಲವು ಕೈದಿಗಳು ಸತ್ತರು.

ತಿಳಿಹೇಳುವ ಕಾರ್ಯ ಅಕ್ಟೋಬರ್ 15ಕ್ಕೆ ಶುರುವಾಯಿತು. ಡೇರೆಯೊಳಗೆ ಒಬ್ಬೊಬ್ಬನೇ ಕೈದಿ. ಎದುರಿಗೆ ಅವನ ದೇಶದ ಅಧಿಕಾರಿ. ಸುತ್ತ ಐದು ದೇಶಗಳ ಪ್ರತಿನಿಧಿಗಳು. ಕೈದಿಗಳ ನಾಯಕರು ಅಡ್ಡಿ ಮಾಡಿದರು, ಕಮ್ಯುನಿಸ್ಟ್ ಅಧಿಕಾರಿಗಳು ಒಬ್ಬೊಬ್ಬನನ್ನೇ ಗಂಟೆಗಟ್ಟಲೆ ಕೊರೆದರು. ತೊಂಬತ್ತು ದಿನಗಳ ಅವಧಿಯಲ್ಲಿ ಕೆಲಸ ನಡೆದದ್ದು ಬೆರಳೆಣಿಕೆಯ ದಿನಗಳಷ್ಟೇ. ಆಯೋಗದಲ್ಲಿ ಇಬ್ಬರು ಒಂದು ಕಡೆ, ಇಬ್ಬರು ಇನ್ನೊಂದು ಕಡೆ; ತಿಮ್ಮಯ್ಯ ಯಾವ ಕಡೆ ವಾಲಿದರೂ ಮತ್ತೊಂದು ಕಡೆಯ ರೇಡಿಯೊ ಆ ರಾತ್ರಿಯೇ ಬೈಯುತ್ತಿತ್ತು. ಅವಧಿ ತೀರಿತು. ಉಳಿದವರ ಭವಿಷ್ಯ ನಿರ್ಧರಿಸಬೇಕಾದ ರಾಜಕೀಯ ಸಮ್ಮೇಳನವೇ ಸೇರಲಿಲ್ಲ. ಕೈದಿಗಳನ್ನು ಹಿಡಿದಿಟ್ಟುಕೊಳ್ಳಲು ಭಾರತಕ್ಕೆ ಅಧಿಕಾರವಿಲ್ಲ, ಸ್ವತಃ ಬಿಡುಗಡೆ ಮಾಡಲೂ ಇಲ್ಲ. ದಿಲ್ಲಿಯೊಡನೆ ತಂತಿಗಳು ಹರಿದಾಡಿದ ಮೇಲೆ 1954ರ ಜನವರಿ 20ರಂದು ತಿಮ್ಮಯ್ಯ ಕೈದಿಗಳನ್ನು ಮೊದಲು ಹಿಡಿದಿದ್ದವರಿಗೇ ಮರಳಿ ಒಪ್ಪಿಸಿದರು. ವಿಶ್ವಸಂಸ್ಥೆಯ ಸೇನೆ ಅವರನ್ನು ಮೂರು ದಿನಗಳಲ್ಲಿ ಬಿಡುಗಡೆ ಮಾಡಿತು. ಚೀನೀಯರು ತೈವಾನಿಗೆ ಹಡಗು ಹತ್ತಿದರು. ಪೀಕಿಂಗ್ ಕೋಪಗೊಂಡಿತು. ರೀ ಮೊದಲಿನಿಂದಲೂ ಕೋಪದಲ್ಲೇ ಇದ್ದ. ಕಾನೂನಿನ ಅಕ್ಷರವನ್ನು ಕಣ್ಣಿಗೊತ್ತಿಕೊಂಡು ನೀತಿಯ ಹೊಣೆಯಿಂದ ಜಾರಿಕೊಂಡ ತೀರ್ಮಾನವೆಂದು ಇದನ್ನು ಟೀಕಿಸಿದವರಿದ್ದಾರೆ. ಅಲ್ಲಿ ನಿಂತವರಿಗೆ ಬೇರೆ ದಾರಿ ಇತ್ತೆಂದು ನನಗೆ ಅನ್ನಿಸುವುದಿಲ್ಲ. ತಿಮ್ಮಯ್ಯನವರಿಗೆ ಅದೇ ವರ್ಷ ಪದ್ಮಭೂಷಣ ಬಂತು.

ಖಾತೆಗೆ ಸಿಕ್ಕ ಪ್ರತಿಫಲ ಇನ್ನೂ ವಿಚಿತ್ರ. ಕೊರಿಯದ ರಾಜಕೀಯ ಸಮ್ಮೇಳನದಲ್ಲಿ ಭಾರತಕ್ಕೊಂದು ಕುರ್ಚಿ ಕೊಡಬೇಕೆಂಬ ಪ್ರಸ್ತಾಪ 1953ರ ಆಗಸ್ಟಿನಲ್ಲಿ ವಿಶ್ವಸಂಸ್ಥೆಯಲ್ಲಿ ಮತಕ್ಕೆ ಬಂದಾಗ ಪರವಾಗಿ 27, ವಿರೋಧವಾಗಿ 21 ಬಿದ್ದವು. ಮೂರರಲ್ಲಿ ಎರಡು ಪಾಲು ಬೇಕಿತ್ತು, ಬರಲಿಲ್ಲ. ಅಮೆರಿಕವೇ ಎದುರು ನಿಂತಿತ್ತು. ಭಾರತ ತಾನಾಗಿ ಹಿಂದೆ ಸರಿಯಿತು. ಮರುವರ್ಷ ಜಿನೀವಾದಲ್ಲಿ ಕೊರಿಯ, ಇಂಡೋಚೀನಗಳ ಸಮ್ಮೇಳನ ಸೇರಿದಾಗಲೂ ಆಹ್ವಾನವಿರಲಿಲ್ಲ. ಕೃಷ್ಣ ಮೆನನ್ ಕರೆಯದೆಯೇ ಹೋಗಿ, ಹೋಟೆಲಿನಿಂದ ಹೋಟೆಲಿಗೆ ಅಲೆದು ಎಲ್ಲರನ್ನೂ ಮಾತಾಡಿಸಿದರು. ಆ ಸಮ್ಮೇಳನ ಕೊರಿಯದ ವಿಷಯದಲ್ಲಿ ಏನನ್ನೂ ಸಾಧಿಸದೆ ಮುಗಿಯಿತು. ಇಂಡೋಚೀನದ ಕದನವಿರಾಮ ನೋಡಿಕೊಳ್ಳುವ ಆಯೋಗಗಳಿಗೆ ಅಧ್ಯಕ್ಷರು ಬೇಕಾದಾಗ ಮಾತ್ರ ಮತ್ತೆ ದಿಲ್ಲಿಯ ಹೆಸರೇ ಬಂತು.

ಸೌತ್ ಬ್ಲಾಕಿನಲ್ಲಿ ಕೊರಿಯದ ಕಡತ ಇನ್ನೂ ಮುಚ್ಚುವಂತಿರಲಿಲ್ಲ. ಉತ್ತರಕ್ಕೂ ಬೇಡ, ದಕ್ಷಿಣಕ್ಕೂ ಬೇಡ, ಚೀನಕ್ಕೂ ಬೇಡ, ತೈವಾನಿಗೂ ಬೇಡವೆಂದ 88 ಕೈದಿಗಳು ಭಾರತೀಯ ಸೈನಿಕರ ಜೊತೆಗೇ ಹಡಗು ಹತ್ತಿ 1954ರ ಫೆಬ್ರವರಿಯಲ್ಲಿ ಮದ್ರಾಸಿನ ಕಡೆಗೆ ಹೊರಟಿದ್ದರು. 76 ಮಂದಿ ಕೊರಿಯನ್ನರು, 12 ಮಂದಿ ಚೀನೀಯರು. ಅವರಿಗೆ ಊಟ, ವಸತಿ, ಕಸುಬಿನ ತರಬೇತಿ ಕೊಡುತ್ತ, ಯಾವ ದೇಶ ಇವರನ್ನು ಸೇರಿಸಿಕೊಳ್ಳುತ್ತದೆಂದು ಖಾತೆಯವರು ಪತ್ರದ ಮೇಲೆ ಪತ್ರ ಬರೆದರು. ಕೆಲವರು ಮನಸ್ಸು ಬದಲಿಸಿ ತಾಯ್ನಾಡಿಗೆ ಮರಳಿದರು, ಕೆಲವರು ಭಾರತದಲ್ಲೇ ನೆಲೆಸಿದರು. ಹೆಚ್ಚಿನವರಿಗೆ ಕೊನೆಗೆ ಬಾಗಿಲು ತೆರೆದದ್ದು ಬ್ರೆಜಿಲ್ ಮತ್ತು ಅರ್ಜೆಂಟೀನಾ. ಆ ಪತ್ರವ್ಯವಹಾರಕ್ಕೆ ಎರಡು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.